ಬೇಸಿಗೆ ರಜೆಗೆ ದಿಲ್ಲಿಯೋ, ಕೊಪ್ಪವೋ?

ಪ್ರಶ್ನೆ: ಮೇಡಂ, ನಾನು ಹಾಸನದಲ್ಲಿ ಬಿ.ಎ. ಎರಡನೇ ವರ್ಷ, ಅರ್ಥಶಾಸ್ತ್ರ ಓದುತ್ತಿದ್ದೇನೆ. ಬೇಸಿಗೆ ರಜೆಯಲ್ಲಿ ಸಾರ್ವಜನಿಕ ಆರೋಗ್ಯ ನೀತಿಯಲ್ಲಿ ಇಂಟರ್ನ್‌ಶಿಪ್ ಮಾಡುವ ಆಸೆ. ಹತ್ತಾರು ಕಡೆ ಇಮೇಲ್ ಹಾಕಿದೆ, ಯಾರೂ ಉತ್ತರ ಕೊಡಲಿಲ್ಲ. ಒಂದು ಕಡೆಯವರು ಮಾತ್ರ ಫೀಸು ಕಟ್ಟಿದರೆ ಆನ್‌ಲೈನ್‌ನಲ್ಲೇ ಮುಗಿಸಿ ಸರ್ಟಿಫಿಕೇಟ್ ಕೊಡುತ್ತೇವೆ ಅಂದರು. ಇದೆಲ್ಲ ಡಾಕ್ಟರ್ ಓದೋರಿಗೆ ಅಂತಾರೆ ಅಪ್ಪ. ಏನು ಮಾಡಲಿ?
– ಹೆಸರು ಬೇಡ, ಕೊಪ್ಪ ತಾಲ್ಲೂಕು

ಉತ್ತರ: ಮೊದಲು ಆ ಫೀಸಿನ ಕಥೆ ಬಿಡು ಮಾರಾಯ್ತಿ. ಕೆಲಸ ಮಾಡುವವಳು ನೀನು, ದುಡ್ಡೂ ನೀನೇ ಕಟ್ಟಬೇಕೇ?

ಇನ್ನು ಅಪ್ಪನ ಮಾತು. ಚಿಕ್ಕಮಗಳೂರು ಜಿಲ್ಲೆಯಲ್ಲಿ ಆರೋಗ್ಯ ಶಿಕ್ಷಣಾಧಿಕಾರಿಯಾಗಿದ್ದು ನಿವೃತ್ತಳಾದ ನಾನೂ ಡಾಕ್ಟರಲ್ಲ. ಮಾತ್ರೆ ಬರೆಯೋರು ಇದ್ದಾರೆ. ಬಂದ ದುಡ್ಡು ಯಾವುದಕ್ಕೆ ಹೋಯಿತು, ಕೊನೇ ಮನೆಗೆ ಏನು ಮುಟ್ಟಿತು ಅಂತ ಕೂತು ಲೆಕ್ಕ ಹಾಕೋರು ಕಡಿಮೆ. ಅರ್ಥಶಾಸ್ತ್ರದವಳು ಬೇಕಾಗಿರುವುದು ಅಲ್ಲೇ.

‘ಆರೋಗ್ಯ ನೀತಿಯಲ್ಲಿ ತುಂಬಾ ಆಸಕ್ತಿ ಇದೆ’ ಅಂತ ಎಲ್ಲರಿಗೂ ಒಂದೇ ಪತ್ರ ಕಳಿಸಿರಬೇಕು ನೀನು. ಅದನ್ನು ಓದಿದವರಿಗೆ ನಿನ್ನ ಕೈಗೆ ಏನು ಕೆಲಸ ಕೊಡಬೇಕು ಅಂತಲೇ ಹೊಳೆಯುವುದಿಲ್ಲ. ನಿಮ್ಮ ತಾಲ್ಲೂಕಿನದೇ ಒಂದು ಪ್ರಶ್ನೆ ಹಿಡಿದುಕೊಂಡು ಹೋಗು.

ಮಂಗನ ಕಾಯಿಲೆ ತಗೋ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದದ್ದು, ಈಗಲೂ ಡಿಸೆಂಬರಿಂದ ಮೇವರೆಗೆ ಮಲೆನಾಡಿಗೆ ನಿದ್ದೆ ಕೊಡುವುದಿಲ್ಲ. ಹಳೇ ಲಸಿಕೆ ನಿಲ್ಲಿಸಿದ ಮೇಲೆ ಅದನ್ನು ಹರಡುವ ಉಣುಗು (ಉಣ್ಣೆ ಹುಳ) ಕಚ್ಚದ ಹಾಗೆ ನೋಡಿಕೊಳ್ಳುವುದೇ ದಾರಿ. ಅದಕ್ಕೇ ಉಣುಗು ಹತ್ತದ ಹಾಗೆ ಮೈಗೆ ಹಚ್ಚುವ ಡೇಪಾ ಎಣ್ಣೆ ಹಂಚುತ್ತಾರೆ. ಎಷ್ಟು ಬಾಟಲಿ ಹೋಯಿತು ಅನ್ನುವುದು ರಿಜಿಸ್ಟರಿನಲ್ಲಿ ಸಿಗುತ್ತದೆ. ಕಾಡಿಗೆ ದರಗು (ಒಣ ಎಲೆ) ತರಲು ಹೋಗುವ ಹೆಂಗಸು ಅದನ್ನು ಕೈಕಾಲಿಗೆ ಹಚ್ಚಿಕೊಂಡಳೋ ಇಲ್ಲವೋ ಅನ್ನುವುದು ಸಿಗುವುದಿಲ್ಲ. ಬಚ್ಚಲ ಗೂಡಿನಲ್ಲಿ ಸೀಲು ಒಡೆಯದ ಬಾಟಲಿ ಕೂತಿರುವುದನ್ನು ನಾನು ಕಂಡಿದ್ದೇನೆ. ಕೇಳಿದರೆ ‘ಜಿಡ್ಡು ಮೇಡಂ, ಬೆವರಿದ ಮೇಲೆ ಆಗಲ್ಲ’ ಅನ್ನುತ್ತಾರೆ. ಸಾವಿರ ಜನಕ್ಕೊಬ್ಬಳು ಆಶಾ ಕಾರ್ಯಕರ್ತೆ ಎಂಬ ಲೆಕ್ಕವಿದೆಯಲ್ಲ, ಕಾಫಿ ಕೊಯ್ಲಿಗೆಂದು ಬಂದು ಲೈನ್‌ಮನೆಯಲ್ಲಿರುವ ಹೊರಗಿನವರು ಅದರಲ್ಲಿ ಸೇರುತ್ತಾರೋ? ಕನ್ನಡ ಬಾರದವರಿಗೆ ಎಣ್ಣೆ ಹಚ್ಚುವುದನ್ನು ಹೇಳಿದವರು ಯಾರು? ನೀತಿ ಅಂದರೆ ಇದೇ ಕಣೇ.

ಈ ಪ್ರಶ್ನೆಯನ್ನು ಒಂದು ಪುಟದಲ್ಲಿ ಬರೆದು, ಪ್ರಿನ್ಸಿಪಾಲರ ಪತ್ರ ಲಗತ್ತಿಸಿ, ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಯ ಟಪಾಲಿನಲ್ಲಿ ಕೊಡು. ನಿನ್ನ ಪ್ರತಿಗೆ ಸೀಲು ಹಾಕಿಸಿಕೊಳ್ಳುವುದು ಮರೆಯಬೇಡ. ಸೀಲಿಲ್ಲದ ಅರ್ಜಿ ಹುಟ್ಟೇ ಇಲ್ಲ ಅನ್ನುತ್ತಾರೆ. ಮಾರ್ಚ್ ಬೇಡ, ವರ್ಷದ ಲೆಕ್ಕ ಮುಗಿಸುವ ಗಡಿಬಿಡಿಯಲ್ಲಿ ನಿನ್ನ ಮುಖ ನೋಡುವವರಿರುವುದಿಲ್ಲ. ಅನುಮತಿ ಸಿಕ್ಕಿದರೂ ರೋಗಿಗಳ ಹೆಸರು ನಿನ್ನ ನೋಟ್‌ಬುಕ್ಕಿಗೆ ಬರಕೂಡದು. ಅದೇ ಪುಟವನ್ನು ಬೆಂಗಳೂರಿನ ಇನ್‌ಸ್ಟಿಟ್ಯೂಟ್ ಆಫ್ ಪಬ್ಲಿಕ್ ಹೆಲ್ತ್‌ಗೂ ಮೈಸೂರಿನ ಗ್ರಾಮ್ (GRAAM) ಎಂಬ ನೀತಿ ಸಂಶೋಧನಾ ಸಂಸ್ಥೆಗೂ ಕಳಿಸು. ಸಂಸ್ಥೆಯ ವಿಳಾಸಕ್ಕಲ್ಲ, ಇಂಥದ್ದೇ ವಿಷಯದ ಮೇಲೆ ಬರೆದ ಸಂಶೋಧಕರಿಗೆ, ಅವರ ಒಂದು ಲೇಖನವನ್ನಾದರೂ ಓದಿಕೊಂಡು.

ದಿಲ್ಲಿಯ ನೀತಿ ಆಯೋಗದ್ದೂ ಇದೆ. ತಿಂಗಳ 1ರಿಂದ 10ರೊಳಗೆ ಆನ್‌ಲೈನ್ ಅರ್ಜಿ, ಕನಿಷ್ಠ 6 ವಾರ, ಸಂಬಳವಿಲ್ಲ. ಪದವಿ ಓದುವವರು ಎರಡನೇ ವರ್ಷದ ಪರೀಕ್ಷೆ ಬರೆದಿರಬೇಕು, ಪಿಯುಸಿಯಲ್ಲಿ ಶೇ. 85 ಕೇಳುತ್ತಾರೆ. ಅಷ್ಟಿದ್ದರೆ ಹಾಕು, ನಷ್ಟವೇನಿಲ್ಲ. ಆದರೆ ದಿಲ್ಲಿಯ ರೂಮು ಬಾಡಿಗೆ, ಊಟ ಎಲ್ಲ ಅಪ್ಪನ ಜೇಬಿನಿಂದಲೇ ಹೋಗಬೇಕು. ಈ ವರ್ಷ ಕೊಪ್ಪದಲ್ಲೇ ಮಾಡಿ, ಆ ವರದಿ ಹಿಡಿದುಕೊಂಡು ಬರುವ ವರ್ಷ ದಿಲ್ಲಿಗೆ ಕೇಳುವುದು ವಾಸಿ ಅಂತ ನನ್ನ ಅಭಿಪ್ರಾಯ. ಕಾಡಂಚಿನ ಮನೆಗಳಿಗೆ ಹೋಗುವಾಗ ನೀನೂ ಎಣ್ಣೆ ಹಚ್ಚಿಕೊಂಡು ಹೋಗು, ತೋಳು ಮುಚ್ಚುವ ಬಟ್ಟೆ ಇರಲಿ.