ಒಲಿದಂತೆ ಹಾಡುವುದು ಅಂದರೆ...

ಪ್ರಿಯ ಓದುಗರೇ,

ನಿಮ್ಮ ಸಿಟ್ಟಿನ ಪತ್ರ ತಲುಪಿತು. ‘ಸಾಲುಗಳನ್ನು ಯಾಕೆ ಮುರಿದಿದ್ದೀರಿ ಎಂದು ತಿಳಿಯಲಿಲ್ಲ’ ಎಂದು ಬರೆದು ನಿಮ್ಮ ಕವಿತೆಯನ್ನು ವಾಪಸ್ ಕಳಿಸಿದ್ದೆವು. ಅದಕ್ಕೆ ನೀವು ಕೇಳಿದ್ದೀರಿ: ತಾಳ ಗೊತ್ತಿಲ್ಲ, ಗಣ ಗೊತ್ತಿಲ್ಲ, ಒಲಿದಂತೆ ಹಾಡುತ್ತೇನೆ ಎಂದು ಬಸವಣ್ಣನವರೇ ಹೇಳಿದ ಮೇಲೆ ಕಲೆಗೆ ನಿಯಮ ಹಾಕಲು ಸಂಪಾದಕರು ಯಾರು?

ಒಳ್ಳೆಯ ಪ್ರಶ್ನೆ. ಆದರೆ ಆ ವಚನವನ್ನು ಇನ್ನೊಮ್ಮೆ ಓದಿ. ಗೊತ್ತಿಲ್ಲ ಎನ್ನುವವರ ಬಾಯಲ್ಲಿ ಅಮೃತಗಣ, ದೇವಗಣ ಎಂಬ ಛಂದಸ್ಸಿನ ಹೆಸರುಗಳು ಎಷ್ಟು ಸಲೀಸಾಗಿ ಬರುತ್ತವೆ ನೋಡಿ! ‘ಅರಿಯೆ’ ಎಂಬ ಮಾತು ಮೂರು ಸಲ ಸಾಲಿನ ಕೊನೆಗೆ ಬಂದು ಬೀಳುತ್ತದೆ. ಆಮೇಲೆ ‘ಕೂಡಲಸಂಗಮದೇವಾ’ ಎಂಬ ಅಂಕಿತ. ಕೊನೆಗೆ ಆ ಓಟವನ್ನು ಬಿಟ್ಟು ‘ಹಾಡುವೆ’ ಎಂದು ನಿಲ್ಲುತ್ತದೆ. ಹಳೆಯ ಅಳತೆ ಹೋಯಿತು, ನಿಜ. ಅದರ ಜಾಗಕ್ಕೆ ಮಾತಿನದೇ ಒಂದು ಅಳತೆ ಬಂತು. 12ನೇ ಶತಮಾನದ ಆ ಸ್ವಾತಂತ್ರ್ಯ ಸುಮ್ನೆ ಸಿಕ್ಕಿದ್ದಲ್ಲ.

ಆದಿಪ್ರಾಸದ ಕತೆಯೂ ಹೀಗೇ. ಪದ್ಯದ ಪ್ರತಿ ಸಾಲಿನ ಎರಡನೇ ಅಕ್ಷರದಲ್ಲಿ ಒಂದೇ ವ್ಯಂಜನ ಇರಬೇಕು ಎಂಬ ಕಟ್ಟು ನೂರಾರು ವರ್ಷ ನಡೆಯಿತು. ಕವಿ ಗೋವಿಂದ ಪೈಗಳು 1911ರಲ್ಲಿ ಅದನ್ನು ಬಿಟ್ಟರು. ಬಿಡಲು ಕಾರಣವೂ ಇತ್ತು. ಪ್ರಾಸ ಕೂಡಿಸಲೆಂದೇ ಬೇಡದ ಪದ ತುರುಕಿದ ಪದ್ಯಗಳು ನಮ್ಮಲ್ಲಿ ಬೇಕಾದಷ್ಟಿವೆ. ಆದರೆ ಪ್ರಾಸ ಬಿಟ್ಟವರು ಮಾತ್ರೆಯ, ಅಂದರೆ ಅಕ್ಷರ ಹೇಳಲು ಹಿಡಿಯುವ ಕಾಲದ, ಲೆಕ್ಕವನ್ನು ಬಿಡಲಿಲ್ಲ. ಯಾವ ನಿಯಮ ಕೆಲಸ ಮಾಡುತ್ತಿದೆ, ಯಾವುದು ಸುಮ್ಮನೆ ಕೂತಿದೆ ಎಂದು ಅವರಿಗೆ ಗೊತ್ತಿತ್ತು.

ಕೆಲಸ ಮಾಡುವ ನಿಯಮ ಹೇಗಿರುತ್ತದೆ? ಆರು ಸಾಲಿನ ಭಾಮಿನಿ ಷಟ್ಪದಿಯನ್ನು ಗಟ್ಟಿಯಾಗಿ ಓದಿ ನೋಡಿ. ಮೊದಲೆರಡು ಸಾಲು 14 ಮಾತ್ರೆಯವು. ಮೂರು, ನಾಲ್ಕು, ಮೂರು, ನಾಲ್ಕು ಎಂದು ಓಡುತ್ತವೆ. ಮೂರನೇ ಸಾಲು 23 ಮಾತ್ರೆಯವರೆಗೆ ಬೆಳೆದು ಕೊನೆಯ ಗುರುವಿನ (ಎರಡು ಮಾತ್ರೆಯ ಅಕ್ಷರದ) ಮೇಲೆ ನಿಲ್ಲುತ್ತದೆ. ಓದುವವರಿಗೆ ಅಲ್ಲಿ ಉಸಿರು ಸಿಗುತ್ತದೆ, ಕೇಳುವವರಿಗೆ ‘ಮುಂದೇನು’ ಅನಿಸುತ್ತದೆ. ಅಷ್ಟು ದೊಡ್ಡ ಮಹಾಭಾರತದ ಕತೆಯನ್ನು ಕುಮಾರವ್ಯಾಸ ಇದೊಂದೇ ಅಳತೆಯಲ್ಲಿ ಹೇಳಿದ. ಜಗಳ, ಅಳು, ಗೇಲಿ ಎಲ್ಲಾ ಅದರೊಳಗೇ ಹಿಡಿಸಿತು.

ಸಂಗೀತದಲ್ಲಿ ಇದು ಇನ್ನೂ ಸ್ಪಷ್ಟ. ಮೋಹನ ರಾಗದಲ್ಲಿ ಮಧ್ಯಮ (ಮ), ನಿಷಾದ (ನಿ) ಸ್ವರಗಳಿಲ್ಲ. ಮೋಹನದ ಹಾಗೇ ಮೇಲೆ ಹತ್ತಿ, ಇಳಿಯುವಾಗ ಶಂಕರಾಭರಣದ ಏಳೂ ಸ್ವರ ತಂದರೆ ಅದು ಬಿಲಹರಿ ಆಗುತ್ತದೆ. ತಪ್ಪೇನಿಲ್ಲ, ಬಿಲಹರಿ ಸೊಗಸಾದ ರಾಗ. ಆದರೆ ಮೋಹನ ಎಂದು ಕೂರಿಸಿ, ತಿಳಿಯದೆ ಅಲ್ಲಿಗೆ ಜಾರಿದರೆ ಕೇಳುವವರು ಮುಖ ನೋಡುತ್ತಾರೆ. ಬರಹದಲ್ಲೂ ನಾನು ಕೇಳುವುದು ಇಷ್ಟೇ: ಮೊದಲ ಸಾಲುಗಳಲ್ಲಿ ನೀವೇ ಹಾಕಿಕೊಂಡ ನಿಯಮವನ್ನು ನಡೆಸಿ. ಮುರಿಯುವುದಾದರೆ, ಬೇಕೆಂದೇ ಮುರಿದದ್ದು ಎಂದು ಓದುಗರಿಗೆ ಗೊತ್ತಾಗುವ ಹಾಗೆ ಮುರಿಯಿರಿ.

ಉಳಿದ ನಿಯಮಗಳ ಬಗ್ಗೆ ನನಗೂ ಅಷ್ಟೇನೂ ಭಕ್ತಿ ಇಲ್ಲ. ಕತೆಗೆ ನೀತಿ ಇರಬೇಕು, ಮೊದಲ ವಾಕ್ಯವೇ ಬೆಚ್ಚಿಬೀಳಿಸಬೇಕು, ವಿಶೇಷಣ ಇರಲೇಬಾರದು... ಇವನ್ನು ಯಾರಾದರೂ ಹೇಳಿದರೆ ತಲೆಯಾಡಿಸಿ ಮರೆತುಬಿಡಿ. ಪದಮಿತಿಯದ್ದು ಬೇರೆ ಮಾತು. ಅದಕ್ಕೂ ಕಲೆಗೂ ಸಂಬಂಧವಿಲ್ಲ, ನಮ್ಮ ಪುಟ ಇರುವುದೇ ಅಷ್ಟು.

ಈಗ ನಿಮ್ಮ ಕವಿತೆ. ಅದಕ್ಕೆ ಛಂದಸ್ಸು ಇಲ್ಲ ಎಂಬುದು ನಮ್ಮ ದೂರಲ್ಲ. ಛಂದಸ್ಸು ಬಿಟ್ಟ ಕವಿಯ ಕೈಯಲ್ಲಿ ಸಾಲು ಎಲ್ಲಿ ಮುರಿಯಬೇಕು ಎಂಬ ಆಯ್ಕೆ ಉಳಿಯುತ್ತದೆ. ಅದನ್ನೂ ಯೋಚಿಸದೆ ಬಿಟ್ಟರೆ ಹೇಗೆ? ಸಾಲುಗಳನ್ನೆಲ್ಲಾ ಸೇರಿಸಿ ಗದ್ಯದ ಹಾಗೆ ಒಮ್ಮೆ ಬರೆದು, ಗಟ್ಟಿಯಾಗಿ ಓದಿ. ನಾವೂ ಹಾಗೆ ಓದಿದೆವು. ಏನೂ ಕಳೆದುಹೋಗಲಿಲ್ಲ. ಎರಡನೇ ಭಾಗದಲ್ಲಿ ಮಾತ್ರ, ಅಜ್ಜಿ ಮಾತು ನಿಲ್ಲಿಸುವ ಕಡೆ, ಮುರಿದ ಸಾಲು ನಿಜವಾಗಿ ಬೇಕು ಅನಿಸಿತು. ಅಲ್ಲಿಂದ ಶುರು ಮಾಡಿ ತಿದ್ದಿ ನೋಡುತ್ತೀರಾ? ಗದ್ಯವಾಗಿಯೇ ಚೆನ್ನಾಗಿದೆ ಅನಿಸಿದರೆ ಹಾಗೇ ಕಳಿಸಿ, ಪ್ರಬಂಧದ ಪುಟಕ್ಕೆ ಓದುತ್ತೇವೆ.

— ಸಂಪಾದಕ