ಬಳ್ಳಾರಿಗೆ ಖಾಸಗಿ ಎಫ್‌ಎಂ ಬಂದರೆ ಕನ್ನಡ ಉಳಿಯುತ್ತಾ? ಈ ಗಾಳಿಮಾತುಗಳನ್ನು ಎಷ್ಟು ನಂಬಬೇಕು?

ನೀವು ಕೇಳಿರುವುದು ಮೂರು ಮಾತು. ಬಳ್ಳಾರಿ, ರಾಯಚೂರಿಗೆ ಖಾಸಗಿ ಎಫ್‌ಎಂ ಬರುತ್ತದಂತೆ, ನಿಜವಾ? ಬಂದರೂ ಬೆಂಗಳೂರಿನ ಕೆಲವು ಸ್ಟೇಷನ್‌ಗಳ ಹಾಗೆ ಒಂದು ದಿನ ಕನ್ನಡ ಬಿಟ್ಟು ಹಿಂದಿಗೆ ಹೊರಳುತ್ತದಾ? ಆಕಾಶವಾಣಿಯನ್ನೇ ಮುಚ್ಚುತ್ತಾರೆ ಅನ್ನುವುದರಲ್ಲಿ ಹುರುಳಿದೆಯಾ?

ನಾನು ಬಳ್ಳಾರಿ ಕೌಲ್ ಬಜಾರಿನವನು. ಬೆಂಗಳೂರಿನ ಒಂದು ಎಫ್‌ಎಂನಲ್ಲಿ ಆರು ವರ್ಷ ಬೆಳಗಿನ ಶೋಗೆ ಬರೆಯುತ್ತಿದ್ದೆ. ಈಗ ಊರಲ್ಲೇ ಇದ್ದೇನೆ. ಅಂಗಡಿಗಳಿಗೆ ಜಾಹೀರಾತಿನ ಧ್ವನಿ ರೆಕಾರ್ಡ್ ಮಾಡಿಕೊಡುತ್ತೇನೆ. ನಮ್ಮ ಸ್ಟೇಷನ್ ಭಾಷೆ ಬದಲಿಸಿದ ದಿನ ನಾನು ಒಳಗೇ ಇದ್ದೆ. ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ.

ತಿಂಗಳಿಂದ ಆಫೀಸಿನಲ್ಲಿ ಗುಸುಗುಸು ಇತ್ತು. ಸ್ಟೇಷನ್ ಮಾರುತ್ತಾರೆ ಅಂತ ಒಬ್ಬ, ಹಳೇ ಹಾಡು ಮಾತ್ರ ಹಾಕುತ್ತಾರೆ ಅಂತ ಇನ್ನೊಬ್ಬ. ಯಾರಿಗೂ ಗೊತ್ತಿರಲಿಲ್ಲ. ಆದರೆ ಕಣ್ಣಿಟ್ಟು ನೋಡಿದ್ದರೆ ಗುರುತುಗಳು ಎದುರಿಗೇ ಇದ್ದವು. ದಸರೆಗೆ ನಾವು ಯಾವಾಗಲೂ ಎರಡು ತಿಂಗಳು ಮೊದಲೇ ಸ್ಪರ್ಧೆ ಯೋಚಿಸುತ್ತಿದ್ದೆವು. ಆ ವರ್ಷ ಯಾರೂ ಆ ಮಾತೇ ಎತ್ತಲಿಲ್ಲ. ಇಬ್ಬರು ಆರ್‌ಜೆಗಳ ಒಪ್ಪಂದ ಮುಗಿದಿತ್ತು, ಹೊಸದು ಬರೆಸಲಿಲ್ಲ. ಹೊಸ ಕನ್ನಡ ಹಾಡುಗಳು ಲೈಬ್ರರಿಗೆ ಸೇರುವುದು ನಿಂತಿತು. ಇದ್ದ ಇನ್ನೂರು ಹಾಡುಗಳೇ ಸುತ್ತಿ ಸುತ್ತಿ ಬರುತ್ತಿದ್ದವು. ಮಾರ್ಕೆಟಿಂಗ್‌ನವರ ಕೈಯಲ್ಲಿ ಮಾತ್ರ ಜಾಹೀರಾತಿನ ಹೊಸ ರೇಟ್ ಕಾರ್ಡ್ ಬಂದಿತ್ತು. ಅವರು ಅದನ್ನು ನಮಗೆ ತೋರಿಸುತ್ತಿರಲಿಲ್ಲ.

ಒಂದು ಶುಕ್ರವಾರ ಸಂಜೆಯ ಶೋ ಮುಗಿದ ಮೇಲೆ ಎಲ್ಲರನ್ನೂ ಕೂರಿಸಿ ಹೇಳಿದರು. ಸೋಮವಾರದಿಂದ ಹಿಂದಿ. ಶನಿವಾರ, ಭಾನುವಾರ ಮಾತಿಲ್ಲದೆ ಬರೀ ಹಾಡು ಹೋಗುತ್ತದೆ. ಕೇಳುಗರಿಗೆ ಬೀಳ್ಕೊಡುವ ಒಂದು ಮಾತು ಹೇಳೋಣ ಅಂತ ನಾವು ಕೇಳಿದೆವು. ಬೇಡ ಅಂದರು.

ನಮ್ಮ ಶೋಗೆ ದಿನಾ ಫೋನ್ ಮಾಡುವ ಅಜ್ಜಿಯೊಬ್ಬರಿದ್ದರು. ಕೆ.ಆರ್. ಮಾರ್ಕೆಟಿನಲ್ಲಿ ಹೂವು ಮಾರುತ್ತಿದ್ದರು. ಬುಧವಾರ ಅವರ ಫೋನ್ ಬಂತು. "ಏನಪ್ಪಾ, ನನ್ನ ರೇಡಿಯೋ ಕೆಟ್ಟೋಯ್ತಾ, ಮುಳ್ಳು ಎಲ್ಲೋ ಜಾರಿದೆ ಅನ್ಸುತ್ತೆ, ನಿಮ್ಮ ಸ್ಟೇಷನ್ ಸಿಗ್ತಾನೇ ಇಲ್ಲ" ಅಂದರು. ಮೂರು ದಿನದಿಂದ ಮುಳ್ಳು ತಿರುಗಿಸುತ್ತಾ ಕೂತಿದ್ದರಂತೆ. ಅವರಿಗೆ ಏನು ಹೇಳಬೇಕೋ ನನಗೆ ಗೊತ್ತಾಗಲಿಲ್ಲ. ಅದನ್ನು ನೆನೆಸಿಕೊಂಡರೆ ಈಗಲೂ ಸಂಕಟವಾಗುತ್ತದೆ.

ಜನಕ್ಕೆ ಕನ್ನಡ ಬೇಡವಾಯಿತು, ಅದಕ್ಕೇ ಬದಲಿಸಿದರು ಅಂತ ಹೊರಗಿನವರು ಅಂದುಕೊಳ್ಳುತ್ತಾರೆ. ನಾನು ಕಂಡದ್ದು ಹಾಗಲ್ಲ. ನಮಗೆ ಬರುತ್ತಿದ್ದ ಫೋನ್ ಕರೆಗಳು ಒಂದೂ ಕಡಿಮೆಯಾಗಿರಲಿಲ್ಲ. ಎಫ್‌ಎಂ ಕೇಳಲು ಯಾರೂ ದುಡ್ಡು ಕೊಡುವುದಿಲ್ಲ, ಅಲ್ವಾ? ದುಡ್ಡು ಕೊಡುವವರು ಜಾಹೀರಾತಿನವರು. ಅವರಿಗೆ ಬೇಕಾದ ಕೇಳುಗ ಯಾರು ಅನ್ನುವುದರ ಮೇಲೆ ಸ್ಟೇಷನ್ನಿನ ಭಾಷೆ ನಿಲ್ಲುತ್ತದೆ. ಅಪಾರ್ಟ್‌ಮೆಂಟ್ ಕಟ್ಟುವವರಿಗೆ ಹೂವಿನ ಅಜ್ಜಿ ಬೇಡ. ಹೊರ ರಾಜ್ಯದಿಂದ ಬಂದು ಕೈತುಂಬ ಸಂಬಳ ತಗೊಳ್ಳುವ ಹುಡುಗ ಬೇಕು.

ಕೇಳುಗರ ಲೆಕ್ಕವನ್ನು ಆಗ ಹೇಗೆ ಹಿಡಿಯುತ್ತಿದ್ದರು ಅಂತಲೂ ತಿಳಿದಿರಲಿ. ರ‍್ಯಾಮ್ ಅನ್ನುವ ಸಮೀಕ್ಷೆ ಇತ್ತು. ದೆಹಲಿ, ಮುಂಬೈ, ಕೋಲ್ಕತ್ತ, ಬೆಂಗಳೂರು, ಈ ನಾಲ್ಕೇ ಊರಿನಲ್ಲಿ. ಒಂದೊಂದು ಊರಿಗೆ 480 ಜನ. ಯಾವ ಹೊತ್ತಿನಲ್ಲಿ ಯಾವ ಸ್ಟೇಷನ್ ಕೇಳಿದೆ ಅಂತ ಅವರು ಡೈರಿಯಲ್ಲಿ ಕೈಯಾರೆ ಬರೆಯಬೇಕು. ಅದರಲ್ಲಿ ಹತ್ತು ಹದಿನೈದು ಜನ ಆಚೀಚೆ ಆದರೂ ವಾರದ ಅಂಕಿ ಏರುಪೇರು. ಅಷ್ಟಕ್ಕೇ "ಆ ಸ್ಟೇಷನ್ ಮುಳುಗಿತು, ಭಾಷೆ ಬದಲಿಸುತ್ತಾರೆ" ಅಂತ ಸುದ್ದಿ ಹಬ್ಬುತ್ತಿತ್ತು.

ಭಾಷೆ ಬದಲಿಸುವುದಕ್ಕೆ ಇನ್ನೊಂದು ಕಾರಣ ನಿಯಮದಲ್ಲೇ ಇದೆ. ದೇಶದ ಮೊದಲ ಖಾಸಗಿ ಎಫ್‌ಎಂ ರೇಡಿಯೋ ಸಿಟಿ ಬೆಂಗಳೂರಿನಲ್ಲೇ 2001 ರಲ್ಲಿ ಶುರುವಾಯಿತು. ಆಗಿನಿಂದಲೂ ಖಾಸಗಿಯವರು ತಮ್ಮದೇ ಸುದ್ದಿ ಓದುವ ಹಾಗಿಲ್ಲ. ಆಮೇಲೆ ಆಕಾಶವಾಣಿಯ ವಾರ್ತೆಯನ್ನು ಇದ್ದದ್ದು ಇದ್ದಹಾಗೆ ಹಾಕಲು ಬಿಟ್ಟರು, ಅಷ್ಟೇ. ಸುದ್ದಿ ಇಲ್ಲ ಅಂದಮೇಲೆ ಉಳಿದದ್ದು ಹಾಡು, ಹರಟೆ. ಎಲ್ಲರ ಹತ್ತಿರವೂ ಅದೇ ಹಾಡುಗಳು. ಬೇರೆಯಾಗಿ ಕಾಣಬೇಕು ಅಂದರೆ ಭಾಷೆ ಬದಲಿಸಬೇಕು, ಇಲ್ಲವೇ ಹಳೇ ಹಾಡಿಗೆ ಹೋಗಬೇಕು. 2005 ರ ಸರ್ಕಾರಿ ನೀತಿಯಲ್ಲಿ ಒಂದು ಕಂಪನಿಗೆ ಒಂದು ಊರಲ್ಲಿ ಒಂದೇ ಚಾನೆಲ್. ಇದ್ದ ಒಂದನ್ನೇ ಹಿಂದಕ್ಕೆ ಮುಂದಕ್ಕೆ ತಿರುಗಿಸುತ್ತಿದ್ದರು. 2011 ರ ನೀತಿಯಲ್ಲಿ ಇದು ಸಡಿಲವಾಯಿತು. ಆಮೇಲೆ ರೇಡಿಯೋ ಮಿರ್ಚಿಯವರು ಬೆಂಗಳೂರಿನಲ್ಲಿ 98.3 ಅನ್ನು ಕನ್ನಡಕ್ಕೆ ಇಟ್ಟುಕೊಂಡು, 95 ರಲ್ಲಿ ಹಿಂದಿ ಹಾಡು ಶುರು ಮಾಡಿದರು. ನನಗೆ ಇದು ಎಷ್ಟೋ ಮೇಲು ಅನ್ನಿಸುತ್ತದೆ. ಹಿಂದಿ ಬೇಕಾದವರಿಗೆ ಹಿಂದಿ ಸಿಗಲಿ. ಅದಕ್ಕಾಗಿ ಕನ್ನಡದ ಜಾಗ ಖಾಲಿಯಾಗಬಾರದು.

ಈಗ ನಮ್ಮ ಊರಿನ ಮಾತು. ಸುದ್ದಿಗೆ ಬುಡ ಇದೆ. 2024 ರ ಆಗಸ್ಟ್ 28 ರಂದು ಕೇಂದ್ರ ಸಂಪುಟ 234 ಹೊಸ ಊರುಗಳಲ್ಲಿ 730 ಖಾಸಗಿ ಎಫ್‌ಎಂ ಚಾನೆಲ್‌ಗಳ ಹರಾಜಿಗೆ ಒಪ್ಪಿಗೆ ಕೊಟ್ಟಿತು. ಆ ಪಟ್ಟಿಯಲ್ಲಿ ಬಳ್ಳಾರಿ, ರಾಯಚೂರು, ಹೊಸಪೇಟೆ ಇವೆ. ಆದರೆ ಪಟ್ಟಿಯಲ್ಲಿ ಹೆಸರು ಬಂದ ಮಾತ್ರಕ್ಕೆ ಸ್ಟೇಷನ್ ಬಂದಂತಲ್ಲ. 2016 ರ ಹರಾಜಿನಲ್ಲಿ 266 ಚಾನೆಲ್ ಇಟ್ಟಿದ್ದರು, ಹೋದದ್ದು 66. ಸಣ್ಣ ಊರುಗಳ ಎಷ್ಟೋ ಚಾನೆಲ್‌ಗಳನ್ನು ಕೊಳ್ಳುವವರೇ ಇರಲಿಲ್ಲ. ಹಾಗಾಗಿ "ಮುಂದಿನ ತಿಂಗಳು ಬರುತ್ತೆ, ಆರ್‌ಜೆ ಬೇಕಂತೆ, ಇಷ್ಟು ದುಡ್ಡು ಕಟ್ಟಿ" ಅಂತ ಯಾರಾದರೂ ಹೇಳಿದರೆ ಒಂದು ಪೈಸೆಯನ್ನೂ ಕೊಡಬೇಡಿ. ಹರಾಜಿನಲ್ಲಿ ಆ ಊರಿನ ಚಾನೆಲ್ ಯಾರಿಗಾಯಿತು ಅಂತ ಮೊದಲು ಕೇಳಿ. ಹೆಸರು ಹೇಳಲು ಆಗದಿದ್ದರೆ ಆ ಮಾತು ಸುಮ್ನೆ.

ಹಿಂದಿಗೆ ಹೊರಳುವ ಭಯ ನನಗೆ ಇಲ್ಲಿ ಜಾಸ್ತಿ ಇಲ್ಲ. ದುಡ್ಡು ಕೊಡುವವರು ಯಾರು ನೋಡಿ. ಬೆಂಗಳೂರು ರೋಡಿನ ಬಟ್ಟೆ ಅಂಗಡಿ, ಬಂಗಾರದ ಅಂಗಡಿ, ಟ್ಯೂಷನ್ ಸೆಂಟರ್, ಸಿರುಗುಪ್ಪ ಕಡೆಯ ಬೀಜ ಗೊಬ್ಬರದವರು, ಜೀನ್ಸ್ ಹೊಲಿಸುವವರು. ಇವರ ಗಿರಾಕಿ ಕನ್ನಡ, ತೆಲುಗು, ಉರ್ದು ಮೂರನ್ನೂ ಕಲಸಿ ಮಾತಾಡುವವನು. ನನ್ನ ಹತ್ತಿರ ಬರುವ ಜಾಹೀರಾತುಗಳೂ ಹಾಗೇ ಇರುತ್ತವೆ. "ಯಣ್ಣಾ, ನಮ್ಮ ಕಡೆ ಮಾತಾಡ್ದಂಗೆ ಮಾಡಿಕೊಡು, ಟಿವಿಯವರ ಕನ್ನಡ ಬ್ಯಾಡ" ಅಂತಾರೆ. ಇಂಥವರ ದುಡ್ಡಿನಿಂದ ನಡೆಯುವ ಸ್ಟೇಷನ್ ಹಿಂದಿಗೆ ಹೋದರೆ ಅದಕ್ಕೇ ನಷ್ಟ.

ನನ್ನ ಭಯ ಬೇರೆ. ಸಣ್ಣ ಊರಿನ ಸ್ಟೇಷನ್ನಿಗೆ ವರಮಾನ ಕಡಿಮೆ. ಆಗ ಕಂಪನಿಗಳು ದೊಡ್ಡ ಊರಿನಲ್ಲಿ ರೆಕಾರ್ಡ್ ಮಾಡಿದ ಶೋವನ್ನೇ ಇಲ್ಲೂ ಹಾಕಿ, ನಡುವೆ ಸ್ಥಳೀಯ ಜಾಹೀರಾತು ತುಂಬಿಸಿ ಕೆಲಸ ಮುಗಿಸುತ್ತವೆ. ಭಾಷೆ ಕನ್ನಡವೇ ಇರುತ್ತದೆ. ಯಾರೂ ಬದಲಾವಣೆ ಅನ್ನುವುದಿಲ್ಲ, ಯಾರೂ ಪ್ರತಿಭಟನೆ ಮಾಡುವುದಿಲ್ಲ. ಆದರೆ ಆ ದನಿಗೆ ಕೌಲ್ ಬಜಾರ್ ಎಲ್ಲಿದೆ ಅಂತ ಗೊತ್ತಿರುವುದಿಲ್ಲ. 2024 ರ ಆಗಸ್ಟ್ 10 ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟ್ ಕೊಚ್ಚಿಹೋಯಿತಲ್ಲ, ಆಗ ವಾಟ್ಸಾಪ್‌ನಲ್ಲಿ ಏನೇನು ಹರಿದಾಡಿತು ನೆನಪಿದೆಯಾ? ಅಣೆಕಟ್ಟಿನ ಕೆಳಗಡೆ ಕಂಪ್ಲಿಯಲ್ಲಿರುವ ನಮ್ಮ ಅತ್ತೆ ಮನೆಯವರು ನಿದ್ದೆಯಿಲ್ಲದೆ ಫೋನ್ ಮೇಲೆ ಫೋನ್ ಮಾಡಿದರು. ಅಂಥ ಹೊತ್ತಿನಲ್ಲಿ ಮೊನ್ನೆ ಬೆಂಗಳೂರಿನಲ್ಲಿ ಹಿಡಿದಿಟ್ಟ ನಗು ಕೇಳಿಸಿದರೆ ಏನು ಪ್ರಯೋಜನ? ಖಾಸಗಿ ಎಫ್‌ಎಂಗೆ ಸುದ್ದಿ ಇಲ್ಲ ಅಂದೆ. ಆದರೆ ಹವಾಮಾನ, ಕರೆಂಟು, ನೀರು ಸರಬರಾಜು, ಪ್ರಕೃತಿ ವಿಕೋಪದ ಪ್ರಕಟಣೆ, ಪರೀಕ್ಷೆ ಫಲಿತಾಂಶ, ಕೆಲಸದ ಮಾಹಿತಿ ಹೇಳಲು 2011 ರ ನೀತಿಯೇ ಅವಕಾಶ ಕೊಟ್ಟಿದೆ. ಹೇಳಲು ಊರಲ್ಲಿ ಒಬ್ಬ ಮನುಷ್ಯ ಮೈಕಿನ ಮುಂದೆ ಕೂತಿರಬೇಕು.

ಆಕಾಶವಾಣಿ ಮುಚ್ಚುವ ಸುದ್ದಿ ಆಗಾಗ ಏಳುತ್ತದೆ. 2021 ರ ಜನವರಿಯಲ್ಲಿ ಜೋರಾಗಿ ಎದ್ದಿತ್ತು. ಯಾವ ಕೇಂದ್ರವನ್ನೂ ಮುಚ್ಚುತ್ತಿಲ್ಲ ಅಂತ ಆಕಾಶವಾಣಿಯನ್ನು ನಡೆಸುವ ಪ್ರಸಾರ ಭಾರತಿ ಆಗಲೇ ಸ್ಪಷ್ಟವಾಗಿ ಹೇಳಿತು. ಹೊಸಪೇಟೆ ಕೇಂದ್ರ 100.5 ರಲ್ಲಿ ಸಿಗುತ್ತದೆ, ಹಾಕಿ ನೋಡಿ. ಅಲ್ಲಿಯೂ ನೋಡಬೇಕಾದ್ದು ಬಾಗಿಲು ತೆರೆದಿದೆಯಾ ಅನ್ನುವುದಷ್ಟನ್ನೇ ಅಲ್ಲ. ದಿನಕ್ಕೆ ಎಷ್ಟು ಗಂಟೆ ಅಲ್ಲಿಯದೇ ಕಾರ್ಯಕ್ರಮ ಬರುತ್ತದೆ, ಎಷ್ಟು ಗಂಟೆ ಬೇರೆ ಕಡೆಯದನ್ನು ಮರುಪ್ರಸಾರ ಮಾಡುತ್ತಾರೆ ಅಂತ ಒಂದು ವಾರ ಬರೆದಿಡಿ. ಕಡಿಮೆ ಅನ್ನಿಸಿದರೆ ಕೇಂದ್ರಕ್ಕೆ ಕಾಗದ ಬರೆಯಿರಿ. ಆಕಾಶವಾಣಿಯಲ್ಲಿ ಕೇಳುಗರ ಕಾಗದವನ್ನು ಓದುತ್ತಾರೆ. ನಾನು ಹೈಸ್ಕೂಲಿನಲ್ಲಿದ್ದಾಗ ಬರೆದ ಕಾರ್ಡನ್ನು ಹೆಸರು ಸಮೇತ ಓದಿದ್ದರು. ನಾನು ಈ ಕಡೆಗೆ ಬಂದದ್ದೇ ಅದರಿಂದ.

ಖಾಸಗಿ ಸ್ಟೇಷನ್ ಬಳ್ಳಾರಿಗೋ ರಾಯಚೂರಿಗೋ ಬಂದ ದಿನ ಒಂದು ಕೆಲಸ ಮಾಡಿ. ಬೆಳಿಗ್ಗೆ ಏಳು ಗಂಟೆಗೆ ಹಾಕಿ. ನಿಮ್ಮ ಏರಿಯಾದಲ್ಲಿ ಆಗ ತಾನೇ ಕರೆಂಟ್ ಹೋಗಿದ್ದರೆ ಸ್ಟುಡಿಯೋಗೆ ಫೋನ್ ಮಾಡಿ ಹೇಳಿ. ಅರ್ಧ ಗಂಟೆಯೊಳಗೆ ಅದು ಗಾಳಿಯಲ್ಲಿ ಬರುತ್ತದಾ ಕೇಳಿ. ಬಂದರೆ ನನಗೂ ತಿಳಿಸಿ, ನನ್ನ ಗಿರಾಕಿಗಳಿಗೆ ಅಲ್ಲಿಯೇ ಜಾಹೀರಾತು ಕೊಡಿ ಅಂತ ಹೇಳುತ್ತೇನೆ.