ಓದುಗರ ಪ್ರಶ್ನೆ: ಸವಾಲು ಹಾಕುವ ಸರ್ವರ್ ನೆನಪಿಡಬೇಕಾದದ್ದು

ಪ್ರಶ್ನೆ: ಕಚೇರಿಯ ಒಳಬಳಕೆಗಾಗಿ ಪೈಥಾನ್‌ನಲ್ಲಿ ಒಂದು ಸಣ್ಣ ಟಿಸಿಪಿ ಸರ್ವರ್ ಬರೆದಿದ್ದೇನೆ. ಪಾಸ್‌ವರ್ಡ್ ನೆಟ್‌ವರ್ಕ್‌ನಲ್ಲಿ ಬಯಲಾಗಿ ಹೋಗಬಾರದೆಂದು ಸವಾಲು-ಉತ್ತರದ ವಿಧಾನವನ್ನು ಅಳವಡಿಸಿದ್ದೇನೆ. ಕ್ಲೈಂಟ್ ಸಂಪರ್ಕಕ್ಕೆ ಬಂದ ಕೂಡಲೇ ಸರ್ವರ್ ಒಂದು ರ‍್ಯಾಂಡಮ್ ಸಂಖ್ಯೆಯನ್ನು ಕಳಿಸುತ್ತದೆ. ಕ್ಲೈಂಟ್ ಆ ಸಂಖ್ಯೆಯನ್ನೂ ಬಳಕೆದಾರರ ಹೆಸರನ್ನೂ, ಸಂಖ್ಯೆ ಮತ್ತು ಪಾಸ್‌ವರ್ಡನ್ನು ಜೋಡಿಸಿ ತೆಗೆದ ಹ್ಯಾಶನ್ನೂ (ಮೂಲವನ್ನು ಮರಳಿ ಪಡೆಯಲಾಗದ ಸಾರಸಂಖ್ಯೆ) ಹಿಂದಕ್ಕೆ ಕಳಿಸುತ್ತದೆ. ಸರ್ವರ್ ಅದೇ ಲೆಕ್ಕವನ್ನು ಮಾಡಿ ಹೋಲಿಸುತ್ತದೆ. ಆದರೆ ನಾನು ಲಾಗಿನ್ ಆದಾಗಿನ ಸಂದೇಶವನ್ನು ಸಹೋದ್ಯೋಗಿಯೊಬ್ಬರು ನೆಟ್‌ವರ್ಕ್‌ನಲ್ಲಿ ಹರಿಯುವುದನ್ನು ತೋರಿಸುವ ವೈರ್‌ಶಾರ್ಕ್‌ನಲ್ಲಿ ಹಿಡಿದಿಟ್ಟುಕೊಂಡು, ಮರುದಿನ ಹೊಸ ಸಂಪರ್ಕದಲ್ಲಿ ಅದನ್ನೇ ಕಳಿಸಿದಾಗ ಸರ್ವರ್ ಅವರನ್ನು ಒಳಗೆ ಬಿಟ್ಟಿತು. ಸವಾಲು ಪ್ರತಿ ಸಲವೂ ಬದಲಾಗುತ್ತಿರುವಾಗ ಇದು ಹೇಗೆ ಸಾಧ್ಯ?

ಉತ್ತರ: ಸವಾಲು ಬದಲಾಗುತ್ತಿರುವುದು ನಿಜ. ಆದರೆ ನಿಮ್ಮ ಸರ್ವರ್ ತಾನು ಹಾಕಿದ ಸವಾಲನ್ನು ನೆನಪಿಟ್ಟುಕೊಳ್ಳುತ್ತಿಲ್ಲ. ಕ್ಲೈಂಟ್ ಹಿಂದಕ್ಕೆ ಕಳಿಸಿದ ಸಂದೇಶದಲ್ಲಿರುವ ಸಂಖ್ಯೆಯನ್ನೇ ಎತ್ತಿಕೊಂಡು ಅದರ ಮೇಲೆ ಹ್ಯಾಶ್ ತೆಗೆಯುತ್ತಿದೆ. ಪರೀಕ್ಷೆಗೆ ಕೂತವನೇ ಪ್ರಶ್ನೆಪತ್ರಿಕೆಯನ್ನೂ ಮನೆಯಿಂದ ತಂದಂತಾಯಿತು. ನಿಮ್ಮ ಸಹೋದ್ಯೋಗಿ ನಿನ್ನೆಯ ಸಂಖ್ಯೆಯನ್ನೂ ನಿನ್ನೆಯ ಹ್ಯಾಶನ್ನೂ ಒಟ್ಟಿಗೆ ಕೊಟ್ಟರು, ಅವೆರಡೂ ಪರಸ್ಪರ ಹೊಂದಿದವು, ಬಾಗಿಲು ತೆರೆಯಿತು. ಈ ಸಂಪರ್ಕದಲ್ಲಿ ತಾನು ಕೇಳಿದ್ದು ಬೇರೆಯೇ ಆಗಿತ್ತೆಂಬುದು ಸರ್ವರ್‌ಗೆ ಗೊತ್ತಾಗಲು ದಾರಿಯೇ ಇರಲಿಲ್ಲ.

ಪರಿಹಾರ ಬಹಳ ಸಣ್ಣದು. ಪ್ರತಿ ಸಂಪರ್ಕಕ್ಕೂ ಒಂದರಂತೆ ನೀವು ಇಟ್ಟುಕೊಂಡಿರುವ ಆಬ್ಜೆಕ್ಟ್‌ನಲ್ಲಿ ಸವಾಲನ್ನು ಬರೆದಿಡಿ, ಹೋಲಿಕೆಗೆ ಅದನ್ನೇ ಬಳಸಿ, ಮತ್ತು ಕ್ಲೈಂಟ್ ಕಳಿಸುವ ಸಂದೇಶದಿಂದ ಆ ಸಂಖ್ಯೆಯನ್ನು ಪೂರ್ತಿಯಾಗಿ ತೆಗೆದುಹಾಕಿ. ಅದು ಅಲ್ಲಿ ಇದ್ದರೆ ಇಂದಲ್ಲ ನಾಳೆ ಯಾರಾದರೂ ಅದನ್ನು ಓದಿ ಬಳಸುವ ಕೋಡ್ ಬರೆದೇ ಬರೆಯುತ್ತಾರೆ. ಉತ್ತರ ಬಂದಾಗ ಮೊದಲು ಸವಾಲನ್ನು ಒಂದು ಸ್ಥಳೀಯ ವೇರಿಯೇಬಲ್‌ಗೆ ತೆಗೆದುಕೊಂಡು, ಆಬ್ಜೆಕ್ಟ್‌ನಲ್ಲಿರುವುದನ್ನು ಅಳಿಸಿ, ಆಮೇಲೆ ಪರಿಶೀಲನೆಗೆ ತೊಡಗಬೇಕು. ಈ ಕ್ರಮ ಮುಖ್ಯ. ಪರಿಶೀಲನೆ ಮುಗಿದ ಮೇಲೆ ಅಳಿಸೋಣವೆಂದುಕೊಂಡರೆ, ನಡುವೆ ಒಂದು ಎಕ್ಸೆಪ್ಷನ್ ಬಂದರೂ ಸಾಕು, ಸವಾಲು ಜೀವಂತವಾಗಿ ಉಳಿದು ಅದಕ್ಕೆ ಎರಡನೆಯ ಉತ್ತರವನ್ನೂ ಸರ್ವರ್ ಸ್ವೀಕರಿಸುತ್ತದೆ. ಸವಾಲು ಹಾಕಿದ ಸಮಯವನ್ನೂ ಜೊತೆಗೆ ಬರೆದಿಟ್ಟು, ಹತ್ತಿಪ್ಪತ್ತು ಸೆಕೆಂಡುಗಳಲ್ಲಿ ಉತ್ತರ ಬಾರದಿದ್ದರೆ ಸಂಪರ್ಕವನ್ನು ಮುಚ್ಚುವುದು ಒಳ್ಳೆಯದು. ಇಲ್ಲದಿದ್ದರೆ ದೃಢೀಕರಣವಾಗದ ಸಂಪರ್ಕಗಳನ್ನು ನೂರಾರು ಸಂಖ್ಯೆಯಲ್ಲಿ ತೆರೆದಿಟ್ಟುಕೊಂಡು ನಿಮ್ಮ ಸರ್ವರನ್ನು ಸುಸ್ತು ಮಾಡುವುದು ಯಾರಿಗೂ ಕಷ್ಟವಲ್ಲ.

ನಿಮ್ಮ ಪತ್ರದ ಜೊತೆಗಿದ್ದ ಕೋಡ್ ನೋಡಿದಾಗ ಇನ್ನೂ ಕೆಲವು ಸಂಗತಿಗಳು ಕಣ್ಣಿಗೆ ಬಿದ್ದವು. ಸಂಖ್ಯೆಗಾಗಿ ನೀವು ಪೈಥಾನ್‌ನ ರ‍್ಯಾಂಡಮ್ ಮಾಡ್ಯೂಲ್ ಬಳಸಿದ್ದೀರಿ. ಅದರ ಒಳಗಿರುವುದು ಮರ್ಸೆನ್ ಟ್ವಿಸ್ಟರ್ ಎಂಬ ವಿಧಾನ. ಅದು ಹೊರಹಾಕಿದ 32 ಬಿಟ್‌ನ 624 ಸಂಖ್ಯೆಗಳು ಸತತವಾಗಿ ಕೈಗೆ ಸಿಕ್ಕರೆ ಮುಂದಿನವೆಲ್ಲವನ್ನೂ ಲೆಕ್ಕ ಹಾಕಿ ಹೇಳಬಹುದು, ಮತ್ತು ನಿಮ್ಮ ಸರ್ವರ್ ಕೇಳಿದವರಿಗೆಲ್ಲ ಅವನ್ನು ಹಂಚುತ್ತಲೇ ಇದೆ. ಪೈಥಾನ್ 3.6ರಿಂದ ಇರುವ ಸೀಕ್ರೆಟ್ಸ್ ಮಾಡ್ಯೂಲ್‌ನಿಂದ 32 ಬೈಟ್ ತೆಗೆದುಕೊಳ್ಳಿ. ಸಂಖ್ಯೆ ಮತ್ತು ಪಾಸ್‌ವರ್ಡನ್ನು ಸುಮ್ಮನೆ ಜೋಡಿಸಿ ಹ್ಯಾಶ್ ತೆಗೆಯುವ ಬದಲು, ಇಂಥ ಕೆಲಸಕ್ಕೆಂದೇ ಇರುವ, 1997ರ ಆರ್‌ಎಫ್‌ಸಿ 2104 ಎಂಬ ಇಂಟರ್ನೆಟ್ ತಾಂತ್ರಿಕ ದಾಖಲೆಯಲ್ಲಿ ವಿವರಿಸಿರುವ, ಗುಟ್ಟಿನ ಕೀಲಿಯನ್ನು ಬೆರೆಸಿ ಹ್ಯಾಶ್ ತೆಗೆಯುವ ಎಚ್‌ಮ್ಯಾಕ್ ಬಳಸಿ. ಹೋಲಿಸುವಾಗ ಎರಡು ಸಮಚಿಹ್ನೆಗಳ (==) ಹೋಲಿಕೆ ಬೇಡ. ಅದು ಮೊದಲ ವ್ಯತ್ಯಾಸ ಸಿಕ್ಕಲ್ಲೇ ನಿಂತುಬಿಡಬಹುದಾದ್ದರಿಂದ, ಎಷ್ಟು ಬೈಟ್ ಸರಿಯಿತ್ತೆಂಬ ಸುಳಿವು ಅದಕ್ಕೆ ಹಿಡಿದ ಕಾಲದಲ್ಲಿ ಹೊರಬೀಳುತ್ತದೆ. ಎಚ್‌ಮ್ಯಾಕ್ ಮಾಡ್ಯೂಲ್‌ನಲ್ಲಿಯೇ ಇರುವ ಕಂಪೇರ್ ಡೈಜೆಸ್ಟ್ ಫಂಕ್ಷನ್ ಇದಕ್ಕಾಗಿಯೇ ಇದೆ.

ಕೊನೆಯದಾಗಿ, ನೀವು ರಿಸೀವ್ ಕರೆಯನ್ನು ಒಮ್ಮೆ ಮಾತ್ರ ಮಾಡಿ, ಪೂರ್ತಿ ಉತ್ತರ ಬಂದಿದೆಯೆಂದು ನಂಬಿದ್ದೀರಿ. ಟಿಸಿಪಿಗೆ ಸಂದೇಶವೆಂಬ ಕಲ್ಪನೆಯಿಲ್ಲ, ಅದು ಬೈಟ್‌ಗಳ ಹರಿವು ಮಾತ್ರ. 32 ಬೈಟ್‌ನ ಉತ್ತರ 20 ಮತ್ತು 12 ಆಗಿ ಎರಡು ಸಲ ಬರಬಹುದು. ಆಗ ಸರಿಯಾದ ಪಾಸ್‌ವರ್ಡ್ ಕೊಟ್ಟವರೂ ಹೊರಗುಳಿಯುತ್ತಾರೆ, ದೋಷವನ್ನು ನೀವು ಹ್ಯಾಶ್‌ನಲ್ಲಿ ಹುಡುಕುತ್ತಾ ಕೂರುತ್ತೀರಿ. ಉದ್ದವನ್ನು ಮೊದಲು ಕಳಿಸಿ, ಅಷ್ಟು ಬೈಟ್ ತುಂಬುವವರೆಗೆ ಓದುತ್ತಲೇ ಇರಿ. ಆ ಉದ್ದಕ್ಕೊಂದು ಮಿತಿಯನ್ನೂ ಹಾಕಿ, ಏಕೆಂದರೆ ಆ ಸಂಖ್ಯೆಯನ್ನು ಕಳಿಸುತ್ತಿರುವುದು ಇನ್ನೂ ಯಾರೆಂದು ಗೊತ್ತಿಲ್ಲದವರು.

ಪ್ರಶ್ನೆ: ರ‍್ಯಾಂಡಮ್ ಸಂಖ್ಯೆಯ ಬದಲು ಸರ್ವರ್‌ನ ಗಡಿಯಾರದ ಸಮಯವನ್ನೇ ಸವಾಲಾಗಿ ಕಳಿಸಬಹುದೆ? ಅದೂ ಎಂದಿಗೂ ಮರುಕಳಿಸುವುದಿಲ್ಲವಲ್ಲ?

ಉತ್ತರ: ಮರುಕಳಿಸದಿದ್ದರೆ ಸಾಲದು, ಮುಂಚಿತವಾಗಿ ಊಹಿಸಲೂ ಬರಬಾರದು. ನಾಳೆ ಬೆಳಿಗ್ಗೆ ಹತ್ತು ಗಂಟೆಗೆ ಸರ್ವರ್ ಯಾವ ಸವಾಲನ್ನು ಹಾಕುತ್ತದೆಂದು ಗೊತ್ತಿರುವವನು ಇಂದೇ ಸರ್ವರ್‌ನ ವೇಷದಲ್ಲಿ ನಿಮ್ಮ ಕ್ಲೈಂಟ್‌ಗೆ ಆ ಸವಾಲನ್ನು ಹಾಕಿ, ಉತ್ತರವನ್ನು ಪಡೆದಿಟ್ಟುಕೊಂಡು, ನಾಳೆ ಹತ್ತು ಗಂಟೆಗೆ ಒಪ್ಪಿಸಬಹುದು. ಪಿಒಪಿ3 ಅಂಚೆ ವ್ಯವಸ್ಥೆಯ ಎಪಿಒಪಿ ಆದೇಶದಲ್ಲಿ ಸರ್ವರ್ ತನ್ನ ಸ್ವಾಗತ ಸಾಲಿನಲ್ಲಿ ಸಮಯದ ಮುದ್ರೆಯೊಂದನ್ನು ಕಳಿಸುತ್ತಿತ್ತು. 1996ರ ಆರ್‌ಎಫ್‌ಸಿ 1939 ಅದಕ್ಕೆ ಕೊಡುವ ಉದಾಹರಣೆ ಪ್ರಾಸೆಸ್ ಸಂಖ್ಯೆ ಮತ್ತು ಗಡಿಯಾರವನ್ನು ಕೂಡಿಸಿದ್ದು. ಆ ಕಾಲಕ್ಕೆ ಅದು ನಡೆಯಿತು. ಈಗ ಹೊಸದಾಗಿ ಬರೆಯುವವರು ಅದನ್ನು ಅನುಸರಿಸಲು ಕಾರಣವಿಲ್ಲ.

ಪ್ರಶ್ನೆ: ನಮ್ಮಲ್ಲಿ ಕೋರಿಕೆಗಳನ್ನು ಹಂಚುವ ಲೋಡ್ ಬ್ಯಾಲೆನ್ಸರ್‌ನ ಹಿಂದೆ ನಾಲ್ಕು ಸರ್ವರ್‌ಗಳಿವೆ. ಸವಾಲು ಒಂದರಿಂದ ಹೋಗುತ್ತದೆ, ಉತ್ತರ ಇನ್ನೊಂದಕ್ಕೆ ಬರುತ್ತದೆ. ನೆನಪಿಡುವುದು ಎಲ್ಲಿ?

ಉತ್ತರ: ಎರಡು ದಾರಿಗಳಿವೆ, ನನ್ನ ಒಲವು ಮೊದಲನೆಯದರ ಕಡೆಗೆ. ನಾಲ್ಕೂ ಸರ್ವರ್‌ಗಳಿಗೆ ಸಾಮಾನ್ಯವಾದ ಒಂದು ಸಂಗ್ರಹದಲ್ಲಿ, ಉದಾಹರಣೆಗೆ ರೆಡಿಸ್ ಎಂಬ ಮೆಮೊರಿ ಡೇಟಾಬೇಸ್‌ನಲ್ಲಿ, ಸವಾಲನ್ನು ಅವಧಿಯ ಮಿತಿಯೊಂದಿಗೆ ಇಡಿ. ಇಲ್ಲಿ ಕ್ಲೈಂಟ್ ಕಳಿಸುವುದು ಸವಾಲು ಯಾವ ಹೆಸರಿನಡಿ ಇದೆಯೆಂಬ ಗುರುತನ್ನು ಮಾತ್ರ, ಸವಾಲು ಮಾತ್ರ ನಿಮ್ಮ ಸಂಗ್ರಹದಿಂದಲೇ ಬರಬೇಕು. ಎಚ್ಚರವಿರಬೇಕಾದದ್ದು ತೆಗೆಯುವಾಗ. ಮೊದಲು ಓದಿ ಆಮೇಲೆ ಅಳಿಸುವುದು ಎರಡು ಹೆಜ್ಜೆಗಳಾದರೆ, ಒಂದೇ ಉತ್ತರವನ್ನು ಎರಡು ಸರ್ವರ್‌ಗಳಿಗೆ ಒಂದೇ ಕ್ಷಣದಲ್ಲಿ ಕಳಿಸಿದವನು ಎರಡೂ ಕಡೆ ಒಳಗೆ ಬರುತ್ತಾನೆ. ರೆಡಿಸ್ 6.2ರಿಂದ ಇರುವ ಗೆಟ್‌ಡೆಲ್ ಆದೇಶ ಓದುವುದನ್ನೂ ಅಳಿಸುವುದನ್ನೂ ಒಂದೇ ಬಾರಿಗೆ ಮಾಡಿ ಮುಗಿಸುತ್ತದೆ.

ಎರಡನೆಯ ದಾರಿ, ವೆಬ್‌ನ ಸವಾಲು-ಉತ್ತರದ ವಿಧಾನವಾದ ಎಚ್‌ಟಿಟಿಪಿ ಡೈಜೆಸ್ಟ್ ದೃಢೀಕರಣದವರು ಸೂಚಿಸಿದ್ದು. ದೃಢೀಕರಣ ಬೇಕೆನ್ನುವ 401 ಸ್ಥಿತಿಸಂಕೇತದೊಂದಿಗೆ ಸರ್ವರ್ ಕಳಿಸುವ ನಾನ್ಸ್‌ನಲ್ಲಿಯೇ, ಅಂದರೆ ಸವಾಲಿನಲ್ಲಿಯೇ, ಸಮಯವನ್ನೂ, ಸರ್ವರ್‌ಗೆ ಮಾತ್ರ ಗೊತ್ತಿರುವ ಕೀಲಿಯನ್ನು ಬೆರೆಸಿ ತೆಗೆದ ಹ್ಯಾಶನ್ನೂ ಅಡಗಿಸಿಟ್ಟರೆ, ಅದು ತನ್ನದೇ ಹೌದೆ, ಹಳೆಯದಾಗಿದೆಯೆ ಎಂಬುದನ್ನು ಯಾವ ಸರ್ವರ್ ಬೇಕಾದರೂ ಏನನ್ನೂ ಸಂಗ್ರಹಿಸದೆ ಹೇಳಬಲ್ಲದು. ಹಳೆಯದಾಗಿದ್ದರೆ ಸ್ಟೇಲ್ ಎಂದು ಸೂಚಿಸಿ ಹೊಸದನ್ನು ಕೊಡುತ್ತದೆ, ಬಳಕೆದಾರರು ಪಾಸ್‌ವರ್ಡನ್ನು ಮತ್ತೆ ಟೈಪ್ ಮಾಡಬೇಕಾಗಿಲ್ಲ. ಜಾಣ ಉಪಾಯವೇ ಸರಿ. ಆದರೆ ಅದರ ಅವಧಿ ಎರಡು ನಿಮಿಷವೆಂದಾದರೆ, ಕದ್ದು ಕೇಳಿದ ಉತ್ತರವೂ ಆ ಎರಡು ನಿಮಿಷ ಚಲಾವಣೆಯಲ್ಲಿರುತ್ತದೆ. ಅದನ್ನು ತಡೆಯಲು ಡೈಜೆಸ್ಟ್‌ನಲ್ಲಿ ನಾನ್ಸ್ ಎಣಿಕೆಯಿದೆ, ಅಂದರೆ ಅದೇ ನಾನ್ಸ್ ಎಷ್ಟನೆಯ ಸಲ ಬಳಕೆಯಾಗುತ್ತಿದೆಯೆಂಬ ಸಂಖ್ಯೆ. ಆ ಎಣಿಕೆ ಎಲ್ಲಿಯವರೆಗೆ ಬಂದಿದೆಯೆಂದು ಸರ್ವರ್ ನೆನಪಿಟ್ಟುಕೊಳ್ಳಲೇಬೇಕಾದ್ದರಿಂದ, ಸಂಗ್ರಹ ಬೇಡವೆಂದು ಹೊರಟವರು ಕೊನೆಗೆ ಸಂಗ್ರಹಕ್ಕೇ ಬಂದು ನಿಲ್ಲುತ್ತಾರೆ.

ಪ್ರಶ್ನೆ: ಸರ್ವರ್ ಕೂಡ ಅದೇ ಲೆಕ್ಕವನ್ನು ಮಾಡಬೇಕಾದರೆ ಪಾಸ್‌ವರ್ಡನ್ನು ಹಾಗೆಯೇ ಡೇಟಾಬೇಸ್‌ನಲ್ಲಿ ಇಡಬೇಕಾಗುತ್ತದಲ್ಲವೆ? ಒಂದು ಕಡೆ ಮುಚ್ಚಿ ಇನ್ನೊಂದು ಕಡೆ ತೆರೆದಂತಾಗುವುದಿಲ್ಲವೆ?

ಉತ್ತರ: ಹಳೆಯ ವಿಧಾನಗಳಲ್ಲಿ ಹಾಗೆಯೇ ಆಗುತ್ತಿತ್ತು. ಡಯಲ್-ಅಪ್‌ನಂಥ ಪಿಪಿಪಿ ಸಂಪರ್ಕಗಳಿಗಾಗಿ 1996ರ ಆರ್‌ಎಫ್‌ಸಿ 1994ರಲ್ಲಿ ವಿವರಿಸಿರುವ ಚಾಪ್ ವಿಧಾನಕ್ಕೆ ರಹಸ್ಯಪದ ಮೂಲರೂಪದಲ್ಲಿಯೇ ಬೇಕು. ಡೈಜೆಸ್ಟ್‌ನಲ್ಲಿ ಹೆಸರು, ವಲಯ (ಆ ಪಾಸ್‌ವರ್ಡ್ ಸಲ್ಲುವ ಕ್ಷೇತ್ರದ ಹೆಸರು) ಮತ್ತು ಪಾಸ್‌ವರ್ಡ್ ಕೂಡಿದ ಹ್ಯಾಶ್ ಸಾಕು. ಆದರೆ ಆ ವಲಯದ ಮಟ್ಟಿಗೆ ಆ ಹ್ಯಾಶ್ ಪಾಸ್‌ವರ್ಡ್‌ಗೆ ಸಮಾನ, ಏಕೆಂದರೆ ಅದನ್ನು ಕದ್ದವನಿಗೆ ಉತ್ತರಿಸಲು ಮತ್ತೇನೂ ಬೇಕಾಗಿಲ್ಲ.

ಈ ತೊಡಕನ್ನು ಬಿಡಿಸಿದ್ದು 2010ರ ಆರ್‌ಎಫ್‌ಸಿ 5802ರಲ್ಲಿ ಬಂದ ಸ್ಕ್ರಾಮ್ ಎಂಬ ವಿಧಾನ. ಅದರ ಉಪಾಯವನ್ನು ಸ್ವಲ್ಪ ಹತ್ತಿರದಿಂದ ನೋಡುವುದು ಸಾರ್ಥಕ. ಪಾಸ್‌ವರ್ಡ್‌ಗೆ ಸಾಲ್ಟ್ ಎಂಬ, ಪ್ರತಿ ಬಳಕೆದಾರರಿಗೂ ಬೇರೆಯಾದ ತುಣುಕನ್ನು ಬೆರೆಸಿ ಸಾವಿರಾರು ಬಾರಿ, ಆ ದಾಖಲೆ ಹೇಳುವಂತೆ ಕನಿಷ್ಠ 4096 ಬಾರಿ, ಅರೆದ ಮೇಲೆ ಬರುವುದರಿಂದ ಕ್ಲೈಂಟ್ ಕೀಲಿಯನ್ನು ತೆಗೆಯಲಾಗುತ್ತದೆ. ಸರ್ವರ್ ಇಟ್ಟುಕೊಳ್ಳುವುದು ಆ ಕೀಲಿಯನ್ನಲ್ಲ, ಅದರ ಹ್ಯಾಶನ್ನು. ಲಾಗಿನ್ ವೇಳೆಯಲ್ಲಿ ಎರಡೂ ಕಡೆಯ ರ‍್ಯಾಂಡಮ್ ತುಣುಕುಗಳು ಸೇರಿದ ಒಟ್ಟು ಸಂಭಾಷಣೆಯ ಮೇಲೆ, ಆ ಹ್ಯಾಶನ್ನೇ ಕೀಲಿಯಾಗಿ ಬಳಸಿ, ಎರಡೂ ಕಡೆಯವರು ಒಂದು ಎಚ್‌ಮ್ಯಾಕ್ ತೆಗೆಯುತ್ತಾರೆ. ಕ್ಲೈಂಟ್ ಅದನ್ನು ತನ್ನ ಕೀಲಿಯೊಂದಿಗೆ ಎಕ್ಸ್-ಆರ್ (ಎರಡು ಸಲ ಮಾಡಿದರೆ ಮೊದಲಿನದೇ ಮರಳುವ ಬಿಟ್ ಲೆಕ್ಕ) ಮಾಡಿ ಕಳಿಸುತ್ತದೆ. ಸರ್ವರ್ ತಾನು ತೆಗೆದದ್ದನ್ನು ಮತ್ತೆ ಎಕ್ಸ್-ಆರ್ ಮಾಡಿದಾಗ ಕ್ಲೈಂಟ್ ಕೀಲಿ ಹೊರಬರುತ್ತದೆ, ಅದರ ಹ್ಯಾಶ್ ತನ್ನಲ್ಲಿರುವುದಕ್ಕೆ ಹೊಂದಿದರೆ ಬಂದವರು ನಿಜವಾದವರು. ಡೇಟಾಬೇಸ್ ಮಾತ್ರ ಕದ್ದವನ ಬಳಿ ಹ್ಯಾಶ್ ಇರುತ್ತದೆ, ಎಕ್ಸ್-ಆರ್ ಮಾಡಲು ಬೇಕಾದ ಕೀಲಿ ಇರುವುದಿಲ್ಲ. ಡೇಟಾಬೇಸನ್ನೂ ಕದ್ದು ಒಂದು ಲಾಗಿನ್ ಸಂಭಾಷಣೆಯನ್ನೂ ಕೇಳಿಸಿಕೊಂಡವನು ಮಾತ್ರ, ಸರ್ವರ್ ಮಾಡಿದಂತೆಯೇ ಲೆಕ್ಕ ಮಾಡಿ ಕೀಲಿಯನ್ನು ಪಡೆಯಬಲ್ಲ.

ಪೋಸ್ಟ್‌ಗ್ರೆಎಸ್‌ಕ್ಯೂಎಲ್ ಡೇಟಾಬೇಸ್ ತಂತ್ರಾಂಶ 2017ರ 10ನೆಯ ಆವೃತ್ತಿಯಿಂದ ಎಸ್‌ಎಚ್‌ಎ-256 ಆಧಾರಿತ ಸ್ಕ್ರಾಮ್ ಬಳಸುತ್ತಿದೆ. ಅಲ್ಲಿನ ಒಂದು ಸೂಕ್ಷ್ಮ ನನಗೆ ಮೆಚ್ಚುಗೆಯಾದದ್ದು: ಇಲ್ಲದ ಬಳಕೆದಾರರ ಹೆಸರಿನಲ್ಲಿ ಯಾರಾದರೂ ಬಂದರೂ ಸರ್ವರ್ ಒಂದು ನಕಲಿ ಸಾಲ್ಟ್ ಕೊಟ್ಟು ಸಂಭಾಷಣೆಯನ್ನು ಕೊನೆಯವರೆಗೆ ನಡೆಸಿ, ಆಮೇಲೆ ತಿರಸ್ಕರಿಸುತ್ತದೆ. ಆ ನಕಲಿ ಸಾಲ್ಟ್ ಹೆಸರಿನಿಂದ ಮತ್ತು ಸರ್ವರ್‌ನ ಗುಟ್ಟಿನಿಂದ ಹುಟ್ಟುವುದರಿಂದ ಅದೇ ಹೆಸರಿಗೆ ಪ್ರತಿ ಸಲವೂ ಅದೇ ಬರುತ್ತದೆ. ಪ್ರತಿ ಸಲ ಬೇರೆ ಬಂದಿದ್ದರೆ ಅಂಥ ಹೆಸರೇ ಇಲ್ಲವೆಂಬುದು ಎರಡನೆಯ ಪ್ರಯತ್ನಕ್ಕೇ ಬಯಲಾಗುತ್ತಿತ್ತು.

ಪ್ರಶ್ನೆ: ಕ್ಲೈಂಟ್ ಕೂಡ ಸರ್ವರನ್ನು ಪರೀಕ್ಷಿಸಲೆಂದು ಎರಡೂ ಕಡೆಯಿಂದ ಸವಾಲು ಹಾಕಿಸುತ್ತಿದ್ದೇನೆ. ಕೀಲಿ ಒಂದೇ. ತೊಂದರೆಯಿದೆಯೆ?

ಉತ್ತರ: ಯಾರು ಮೊದಲು ಉತ್ತರಿಸುತ್ತಾರೆ ಎಂಬುದನ್ನು ನೋಡಿಕೊಳ್ಳಿ. ಸರ್ವರ್ ಅಪರಿಚಿತರ ಸವಾಲಿಗೂ ಉತ್ತರಿಸುವಂತಿದ್ದರೆ, ಕಳ್ಳ ಎರಡು ಸಂಪರ್ಕಗಳನ್ನು ತೆರೆದು, ಮೊದಲನೆಯದರಲ್ಲಿ ತನಗೆ ಬಂದ ಸವಾಲನ್ನು ಎರಡನೆಯದರಲ್ಲಿ ಸರ್ವರ್‌ಗೇ ಹಾಕಿ, ಅದು ಕೊಟ್ಟ ಉತ್ತರವನ್ನು ಮೊದಲನೆಯದರಲ್ಲಿ ಒಪ್ಪಿಸುತ್ತಾನೆ. ಪೈಥಾನ್‌ನ ಮಲ್ಟಿಪ್ರಾಸೆಸಿಂಗ್ ಲೈಬ್ರರಿಯ ಲಿಸನರ್ ಒಂದೇ ಕೀಲಿಯನ್ನು ಎರಡೂ ದಿಕ್ಕಿಗೆ ಬಳಸುತ್ತದೆ, ಆದರೆ ಬಂದವರು ತನ್ನ ಸವಾಲಿಗೆ ಸರಿಯಾಗಿ ಉತ್ತರಿಸಿದ ಮೇಲಷ್ಟೇ ಅವರ ಸವಾಲಿಗೆ ಉತ್ತರಿಸುತ್ತದೆ. ಆ ಕ್ರಮವನ್ನು ಪಾಲಿಸುವುದರ ಜೊತೆಗೆ, ಎಚ್‌ಮ್ಯಾಕ್‌ಗೆ ಕೊಡುವ ಪಠ್ಯದಲ್ಲಿ ಉತ್ತರಿಸುತ್ತಿರುವವರು ಕ್ಲೈಂಟೋ ಸರ್ವರೋ ಎಂಬ ಪದವನ್ನೂ ಸೇರಿಸಿ. ಆಗ ಸರ್ವರ್ ಕೊಟ್ಟ ಉತ್ತರ ಕ್ಲೈಂಟ್‌ನ ಉತ್ತರವಾಗಿ ಎಲ್ಲಿಯೂ ಸಲ್ಲುವುದಿಲ್ಲ.

ಪ್ರಶ್ನೆ: ಇಷ್ಟೆಲ್ಲ ಮಾಡಿದ ಮೇಲೆ, ಇಡೀ ಸಂಪರ್ಕವನ್ನು ಗೂಢಲಿಪಿಯಲ್ಲಿ ಮುಚ್ಚುವ ಟಿಎಲ್ಎಸ್ ಬಿಡಬಹುದೆ?

ಉತ್ತರ: ಬಿಡಬಾರದು. ದೃಢೀಕರಣ ಮುಗಿದ ಮೇಲೆ ಹರಿಯುವ ದತ್ತಾಂಶಕ್ಕೆ ಸವಾಲು-ಉತ್ತರದಿಂದ ಯಾವ ರಕ್ಷಣೆಯೂ ಇಲ್ಲ, ನಡುವೆ ಕುಳಿತವನು ನಿಮ್ಮ ಲಾಗಿನ್ ಮುಗಿಯುವವರೆಗೆ ಸುಮ್ಮನಿದ್ದು ಆಮೇಲೆ ಸಂಪರ್ಕವನ್ನು ತನ್ನದಾಗಿಸಿಕೊಳ್ಳಬಹುದು. ಅಲ್ಲದೆ, ಕೇಳಿಸಿಕೊಂಡ ಒಂದು ಸವಾಲು ಮತ್ತು ಅದರ ಉತ್ತರ ಕೈಯಲ್ಲಿದ್ದರೆ, ದುರ್ಬಲ ಪಾಸ್‌ವರ್ಡನ್ನು ಪದಪಟ್ಟಿ ಹಿಡಿದು ತನ್ನ ಕಂಪ್ಯೂಟರ್‌ನಲ್ಲಿಯೇ ಊಹಿಸುತ್ತಾ ಹೋಗಲು ಅವನಿಗೆ ನಿಮ್ಮ ಸರ್ವರ್‌ನ ಹಂಗೂ ಇರುವುದಿಲ್ಲ. ಟಿಎಲ್ಎಸ್ ಒಳಗೆ ಸವಾಲು-ಉತ್ತರ ನಡೆಸುವಾಗ, ಸರ್ವರ್‌ನ ಪ್ರಮಾಣಪತ್ರದ ಹ್ಯಾಶನ್ನೂ ಎಚ್‌ಮ್ಯಾಕ್‌ನೊಳಗೆ ಸೇರಿಸಿ. ಬೇರೊಂದು ಪ್ರಮಾಣಪತ್ರ ತೋರಿಸಿ ನಡುವೆ ನಿಂತವನು ಕ್ಲೈಂಟ್‌ನಿಂದ ಪಡೆದ ಉತ್ತರವನ್ನು ನಿಮ್ಮ ಸರ್ವರ್‌ಗೆ ದಾಟಿಸಿದರೂ ಅದು ಹೊಂದುವುದಿಲ್ಲ.